ಕಾಕಾ ತಮ್ಮ ಕೈಯನ್ನೇ ನಂಬದ ಎಂಟು ದಿನ

ಕಾಕಾರ ಬಲಗಿವಿ ಯಾವಾಗಲೂ ಕಪ್ಪಗಿರುತ್ತಿತ್ತು. ಹುಟ್ಟಿನಿಂದ ಬಂದ ಕಪ್ಪಲ್ಲ, ಗ್ರೀಸಿನದು. ಕಾರಿನ ಹೊಟ್ಟೆಯೊಳಗೆ ಏನು ಸದ್ದಾಗುತ್ತಿದೆ ಎಂದು ತಿಳಿಯಲು ಅವರು ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಚಹಾ ತಂದವನೂ ಬಾಗಿಲಲ್ಲೇ ನಿಲ್ಲಬೇಕು. ಮನೆಗೆ ಹೋದಮೇಲೆ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಆ ಕಿವಿಯನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದರು. ಮರುದಿನ ಮಧ್ಯಾಹ್ನದೊಳಗೆ ಮತ್ತೆ ಅದೇ ಬಣ್ಣ.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಓಣಿಯೆಲ್ಲ ಕಾಕಾ ಎನ್ನುತ್ತಿತ್ತು, ನಾನೂ ಎಂದೆ. ಹದಿನೈದು ವರ್ಷ ದುಬೈಯಲ್ಲಿದ್ದು, ಗೇರು ತಾನೇ ಬದಲಾಗುವ ಕಾರುಗಳನ್ನು ಬಿಚ್ಚಿ ಜೋಡಿಸಿ ಬಂದ ಮನುಷ್ಯ. ಉಳಿದ ಮಿಸ್ತ್ರಿಗಳು ಅಂಥ ಕಾರು ಕಂಡರೆ ದೂರದಿಂದಲೇ ಕೈಮುಗಿದು ಕಾಕಾರ ಕಡೆ ದಾರಿ ತೋರಿಸುತ್ತಿದ್ದರು. ಬಂದ ಗಿರಾಕಿಗಳಿಗೆಲ್ಲ ಅವರದು ಒಂದೇ ಮಾತು: "ಗಾಡಿ ಸುಳ್ಳ ಹೇಳೂದಿಲ್ಲ. ಗಾಡಿ ತಂದಾಂವ ಹೇಳತಾನ."

ನನ್ನ ಎಡಗಾಲು ಪೋಲಿಯೋ ತಿಂದುಬಿಟ್ಟ ಕಾಲು. ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತದ ಟೀಚರ್, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ಹನ್ನೊಂದು ವರ್ಷ ಬಸ್ಸಿನಲ್ಲೇ ಓಡಾಡಿದೆ. ಬಸ್ಸಿನ ಮೆಟ್ಟಿಲು ಎತ್ತರ, ದಿನವೂ ಯಾರಾದರೂ ರಟ್ಟೆ ಹಿಡಿದು ಎತ್ತಬೇಕು. ಎತ್ತಿದವರು ಸುಮ್ಮನೆ ಬಿಡುವುದಿಲ್ಲ, "ಅಯ್ಯ ಪಾಪ" ಎನ್ನುತ್ತಾರೆ. ಆ ಪಾಪ ಕೇಳಿ ಕೇಳಿ ನನಗೆ ಸಾಕಾಗಿ ಹೋಗಿತ್ತು. ಅಪ್ಪ ಬಿಟ್ಟು ಹೋದ ಹಳೇ ಅಂಬಾಸಿಡರ್ ಅಂಗಳದಲ್ಲಿ ಕೋಳಿಗಳಿಗೆ ಮನೆಯಾಗಿ ನಿಂತಿತ್ತು. ಕ್ಲಚ್ಚಿಲ್ಲದೆ ಅದನ್ನು ಓಡಿಸಲು ಬರುತ್ತದೆಯೇ ಎಂದು ಕಾಕಾರನ್ನು ಕೇಳಲು ಹೋದೆ. ಅವರು ನನ್ನ ಕಾಲನ್ನು ನೋಡಲೇ ಇಲ್ಲ, ಕಾರನ್ನಷ್ಟೇ ಸುತ್ತಿ ನೋಡಿದರು. ಆಮೇಲೆ, ಬರೇ ಓಡಿದರೆ ಸಾಕೋ, ಜೋರಾಗಿ ಓಡಬೇಕೋ ಎಂದು ಕೇಳಿದರು. ಕಾಲಂತೂ ನಿಧಾನ, ಕಾರಾದರೂ ಜೋರಿರಲಿ ಎಂದೆ. ಬಹಳ ಹೊತ್ತು ನಕ್ಕರು.

ಏಳು ತಿಂಗಳು ಹಿಡಿಯಿತು. ಪರದೇಶದ ದೊಡ್ಡ ಇಂಜಿನ್, ಅದರ ಜೋಡಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಅಗಲ ಗಾಲಿ, ಮೆಣಸಿನಕಾಯಿ ಕೆಂಪು ಬಣ್ಣ. ಶಾಲೆಯ ಹುಡುಗರು ನನ್ನ ಕಾರಿನ ಸದ್ದು ಕೇಳಿಯೇ ಮನೆಪಾಠದ ವಹಿ ತೆಗೆಯುವಂತಾಯಿತು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೊಡದಂಥದೊಂದು ಕುಳಿತಿರುತ್ತದೆ, ಅದೇ ಟಾರ್ಕ್ ಕನ್ವರ್ಟರ್. ಅದೇನೆಂದು ತಿಳಿಸಲು ಕಾಕಾ ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನಷ್ಟೇ ಹಾಕಿದರು. ಅದರ ಗಾಳಿಗೆ ಎದುರಿನದೂ ತಿರುಗತೊಡಗಿತು. ಕೊಡದೊಳಗೂ ಹೀಗೇ, ಗಾಳಿಯ ಬದಲು ಎಣ್ಣೆ, ಅದಕ್ಕೇ ಕ್ಲಚ್ ಬೇಕಿಲ್ಲ ಎಂದರು. ಗಣಿತದ ಅಕ್ಕೋರಿಗೆ ಇಷ್ಟು ಚೆನ್ನಾಗಿ ಪಾಠ ಹೇಳಿದವರು ಬೇರೆ ಯಾರೂ ಇಲ್ಲ.

ಕೀಲಿಕೈ ಕೊಡುವ ದಿನ ಒಂದೇ ಎಚ್ಚರಿಕೆ ಹೇಳಿದರು.

"ಎಲ್ಲೆರೆ ನಿಂತರ ಲಾರಿ ಮ್ಯಾಲ ಹೇರಿಕೊಂಡ ಬರ್ರಿ ಅಕ್ಕೋರ, ಹಗ್ಗಾ ಕಟ್ಟಿ ಎಳಸಬ್ಯಾಡ್ರಿ. ಇಂಜಿನ್ ನಿಂತರ ಗೇರಿಗೆ ಎಣ್ಣಿ ಕೊಡೂ ಪಂಪೂ ನಿಂತಂಗ. ಗಾಲಿ ತಿರಗತಾವ, ಅದರ ಜೋಡಿ ಒಳಗಿಂದೆಲ್ಲಾ ಒಣಾ ಒಣಾ ತಿರಗತೈತಿ."

ಮಗ್ಗಿ ಒಪ್ಪಿಸುವ ಹುಡುಗಿಯಂತೆ ತಲೆಯಾಡಿಸಿದೆ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಶಾಲೆ ಮುಗಿಸಿ ಬರುವಾಗ ಸಾರವಾಡ ದಾಟಿದ ಮೇಲೆ ಇಂಜಿನ್ ನಿಂತಿತು. ನಮ್ಮ ಕಡೆ ರಸ್ತೆಯಲ್ಲಿ ಯಾರದೇ ಗಾಡಿ ನಿಂತರೂ ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬಂದೇ ಬರುತ್ತದೆ, ಅದರಲ್ಲಿ ಹಗ್ಗವೂ ಇರುತ್ತದೆ. ಅವತ್ತು ಬಂದದ್ದು ನನ್ನ ವಿದ್ಯಾರ್ಥಿಯೊಬ್ಬನ ಅಪ್ಪ. ಬಿಸಿಲಲ್ಲಿ ಅಕ್ಕೋರನ್ನು ಬಿಟ್ಟು ಹೋದರೆ ಊರಲ್ಲಿ ಮಾರಿ ತೋರಿಸಲು ಆಗುವುದಿಲ್ಲ ಎನ್ನುತ್ತ ಆತ ಆಗಲೇ ಹಗ್ಗದ ಗಂಟು ಬಿಗಿಯುತ್ತಿದ್ದ. ಬೇಡ ಎನ್ನಲು ಬಾಯಿ ತೆರೆದೆ. ಎಳೆಯಬಾರದ ಕಾರು ಎಂದರೆ ಆತನಿಗೆ ಏನು ತಿಳಿಯಬೇಕು? ಲಾರಿ ಎಲ್ಲಿಂದ ತರುವುದು? ಕಾಲಿಲ್ಲದಿದ್ದರೂ ಸೊಕ್ಕು ಎಷ್ಟಿದೆ ನೋಡು ಎಂದುಕೊಂಡಾನು ಎನ್ನಿಸಿತು. ಸುಮ್ಮನೆ ಗೇರನ್ನು ನ್ಯೂಟ್ರಲ್ಲಿಗೆ ಹಾಕಿ ಕುಳಿತೆ. ವಿಜಯಪುರದ ಅಂಚಿನ ಪೆಟ್ರೋಲ್ ಬಂಕಿನವರೆಗೂ ಎಳೆದು ತಂದ. ಅಲ್ಲಿದ್ದವನೊಬ್ಬ ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯ ವೈರು ಸಡಿಲಾಗಿತ್ತು. ಬಿಗಿ ಮಾಡಿದ, ಇಂಜಿನ್ ಶುರುವಾಯಿತು. ಇಷ್ಟಕ್ಕೇ ಅಷ್ಟು ದೂರ ಎಳೆಸಿಕೊಂಡಿದ್ದೆ.

ಮರುದಿನ ಗೇರು ಹಾಕಿದರೆ ಕಾರು ಯೋಚನೆ ಮಾಡುತ್ತ ನಿಂತಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಚೀರುತ್ತದೆ, ಗಾಲಿ ಕದಲುವುದಿಲ್ಲ. ಹೇಗೋ ತೆವಳಿಸಿಕೊಂಡು ಶೆಡ್ಡು ಮುಟ್ಟಿಸಿದೆ. ಕಾಕಾ ಮೊದಲು ಕೇಳಿದ್ದೇ ಅದನ್ನು.

"ಎಲ್ಲೆರೆ ನಿಂತಿತ್ತೇನ್ರಿ? ಯಾರೆರೆ ಎಳದ್ರೇನು?"

"ಇಲ್ರಿ ಕಾಕಾ," ಎಂದೆ.

ಯಾಕೆ ಹಾಗೆಂದೆ ಎಂದು ಇಂದಿಗೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಒಂದೇ ಒಂದು ಮಾತು ಹೇಳಿದ್ದರು, ಅದನ್ನೂ ಪಾಲಿಸಲಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಮಕ್ಕಳಿಗೆ ದಿನವೂ ಖರೇ ಹೇಳ್ರಿ ಎನ್ನುವ ಬಾಯಿ ಇದು. ಎಲ್ಲ ಗಿರಾಕಿಗಳೂ ಸುಳ್ಳು ಹೇಳುತ್ತಾರೆ ಎನ್ನುತ್ತಿದ್ದ ಮನುಷ್ಯ ನನ್ನ ಮಾತನ್ನು ಮಾತ್ರ ಹಾಗೇ ನಂಬಿದರು.

ಗೇರ್‌ಬಾಕ್ಸಿನ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು ಮೂಸಿದರು. ಕೆಂಪಗಿರಬೇಕಾದ ಎಣ್ಣೆ ಚಹಾದ ಬಣ್ಣಕ್ಕೆ ತಿರುಗಿ, ಸೀದ ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತು. ಆದರೆ ಎಣ್ಣೆಯ ಮಟ್ಟ ಸರಿಯಾಗಿತ್ತು. ಬ್ರೇಕನ್ನು ಗಟ್ಟಿಯಾಗಿ ತುಳಿದು, ಗೇರು ಹಾಕಿ, ಐದೇ ಎಣಿಕೆಯಷ್ಟು ಹೊತ್ತು ಇಂಜಿನ್ ಏರಿಸಿ, ಅದರ ವೇಗ ತೋರಿಸುವ ಮುಳ್ಳು ನೋಡಿದರು. ಮುಳ್ಳು ಏರಬಾರದಷ್ಟು ಏರಿತು, ಅಂದರೆ ಗೇರ್‌ಬಾಕ್ಸಿನೊಳಗೆ ಹಿಡಿತ ಜಾರುತ್ತಿತ್ತು. ಮೀಟರು ಹಚ್ಚಿ ಎಣ್ಣೆಯ ಒತ್ತಡ ಅಳೆದರು, ಕಡಿಮೆ ಬಂತು. ಯಾರೂ ಎಳೆದಿಲ್ಲವೆಂದರೆ ತಪ್ಪು ಜೋಡಿಸಿದ ಕೈಯದೇ ಎಂದರು. ಅವರ ಮುಖ ಬಾಡಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಕನ್ವರ್ಟರನ್ನು ಗೇರ್‌ಬಾಕ್ಸಿನೊಳಗೆ ಕೂಡಿಸುವಾಗ ಮೆಲ್ಲಗೆ ತಿರುಗಿಸುತ್ತ ಒತ್ತಬೇಕಂತೆ. ಒಂದಾದ ಮೇಲೊಂದು ಮೂರು ಸಲ ಟಕ್ ಎಂದು ಒಳಗೆ ಕೂಡಬೇಕು. ಎರಡೇ ಸಲ ಕೂತಿರುವಾಗ ಬೋಲ್ಟು ಬಿಗಿದರೆ ಎಣ್ಣೆಯ ಪಂಪು ಜಜ್ಜಿ ಹೋಗುತ್ತದೆ. ನನ್ನ ಕಾರಿಗೆ ಕೂಡಿಸಿದ ದಿನ ತಮಗೆ ಮೂರೂ ಟಕ್ ಕೇಳಿದ್ದವು ಅನ್ನಿಸುತ್ತದೆ, ಎರಡೇ ಇದ್ದಿರಬಹುದೋ ಏನೋ ಎಂದರು. ಹೇಳುತ್ತ ಬಲಗಿವಿಯನ್ನು ಮುಟ್ಟಿಕೊಂಡರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು.

ಮೂರನೇ ದಿನ ಗೇರ್‌ಬಾಕ್ಸ್ ಕೆಳಗಿಳಿಯಿತು. ಬಿಳಿ ಪಂಚೆಯ ಮೇಲೆ, ಬಿಚ್ಚಿದ ಸಾಲಿನಲ್ಲೇ, ಎಡದಿಂದ ಬಲಕ್ಕೆ ಒಂದೊಂದು ಸಾಮಾನು ಇಡುತ್ತಿದ್ದರು. ಪಂಪು ಸರಿಯಾಗಿಯೇ ಇತ್ತು. ಅವರಿಗೆ ಸಮಾಧಾನವಾಯಿತು, ನನಗೆ ಹೆದರಿಕೆ ಹೆಚ್ಚಾಯಿತು. ಐದನೇ ದಿನ ತಿರುಗುವ ದಂಡಗಳಿಗೆ ಬಳೆಯಂತೆ ತೊಡಿಸಿದ ಒಳಗಿನ ಬುಷ್ಷುಗಳು ಹೊರಬಂದವು, ಸುಟ್ಟು ನೀಲಿಗಟ್ಟಿದ್ದವು. ಎಣ್ಣೆ ತುಂಬಿದ ಡಬ್ಬಿಯೊಳಗೆ ಬುಷ್ಷು ಒಣಗಿ ಸುಡುವುದು ಹೇಗೆ? ಜೋಡಿಸುವಾಗ ತಾವೇ ಎಣ್ಣೆಯ ದಾರಿಯಲ್ಲಿ ಬಟ್ಟೆಯ ಎಳೆಯೇನಾದರೂ ಬಿಟ್ಟಿರಬೇಕು ಎಂದು ಒಂದೊಂದು ತೂತಿಗೂ ತಂತಿ ತೂರಿಸಿ, ಊದಿ, ಬೆಳಕಿಗೆ ಹಿಡಿದು ನೋಡಿದರು. ಏನೂ ಸಿಗಲಿಲ್ಲ. ಸಿಗದೆ ಇರುವುದಕ್ಕೂ ತಮ್ಮ ಕಣ್ಣನ್ನೇ ಬೈದುಕೊಂಡರು.

ಆ ದಿನಗಳಲ್ಲಿ ನಾನು ಮತ್ತೆ ಬಸ್ಸು ಹತ್ತುತ್ತಿದ್ದೆ, ಮತ್ತೆ ಪಾಪ ಕೇಳುತ್ತಿದ್ದೆ. ಶಾಲೆ ಬಿಟ್ಟೊಡನೆ ಶೆಡ್ಡಿಗೆ ಬಂದು ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಕಾರು ಹೋದರೆ ನನ್ನ ಬಾಳು ಮತ್ತೆ ಬೇರೆಯವರ ರಟ್ಟೆಗೆ ಬೀಳುತ್ತದೆ ಎಂಬ ಭಯ ಒಂದು ಕಡೆ. ಹೇಳಿದರೆ ಈ ಮನುಷ್ಯ ನನ್ನ ಕಾರನ್ನು ಇನ್ನು ಮುಟ್ಟಲಿಕ್ಕಿಲ್ಲ ಎಂಬ ಭಯ ಇನ್ನೊಂದು ಕಡೆ. ಕಾಕಾ ಉಣ್ಣುತ್ತಿರಲಿಲ್ಲ. ಕಾಕು ಕಳಿಸಿದ ಬುತ್ತಿಗಂಟು ಸಂಜೆಯವರೆಗೂ ಬಿಚ್ಚದೆ ಕೂತಿರುತ್ತಿತ್ತು.

ಎಂಟನೇ ದಿನ ನಾನು ಹೋದಾಗ ಟಿಕೋಟಾದಲ್ಲಿ ಗ್ಯಾರೇಜು ಇಟ್ಟಿರುವ ಅವರ ಹಳೇ ಶಿಷ್ಯ ಬಂದಿದ್ದ. ಕಾಕಾ ತಮ್ಮ ಒತ್ತಡದ ಮೀಟರು, ಕನ್ವರ್ಟರ್ ಕೂಡಿಸುವ ಸಲಕರಣೆ, ದುಬೈಯಿಂದ ತಂದ ಪಾನಾಗಳ ಪೆಟ್ಟಿಗೆ ಎಲ್ಲವನ್ನೂ ಅವನ ಆಟೋದಲ್ಲಿ ಇಡಿಸುತ್ತಿದ್ದರು. ಅವನ ಕಣ್ಣುಗಳು ಕೆಂಪಾಗಿದ್ದವು. ಏನಿದು ಎಂದು ಕೇಳಿದೆ.

"ಕೈ ಸೋತೈತ್ರಿ ಅಕ್ಕೋರ," ಎಂದರು. "ತಪ್ಪ ಎಲ್ಲಾಗೇತಿ ಅಂತ ಹುಡುಕಾಕೂ ಬರವಲ್ದು. ನಿಮ್ಮ ಗಾಡಿ ಇಂವ ಮಾಡಿ ಕೊಡ್ತಾನ. ಇನ್ನ ನಾ ಯಾರ ಗಾಡಿಯೊಳಗೂ ಕೈ ಹಾಕಬಾರದು."

ಆಟೋದ ಕಂಬಿ ಹಿಡಿದುಕೊಂಡೆ.

"ಕಾಕಾ, ನಾ ಸುಳ್ಳ ಹೇಳೇನ್ರಿ. ಸಾರವಾಡದಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳಿಸಿಕೊಂಡ ಬಂದೇನಿ."

ಅವರು ನನ್ನನ್ನು ನೋಡಲಿಲ್ಲ. ಎಲ್ಲಿಯವರೆಗೆ, ಎಷ್ಟು ಹೊತ್ತು, ಗೇರು ಯಾವುದರಲ್ಲಿತ್ತು ಎಂದು ಮಾತ್ರ ಕೇಳಿದರು. ಒಂದೊಂದಕ್ಕೂ ಉತ್ತರ ಕೊಟ್ಟೆ. ಒಳಗೆ ಹೋಗಿ ಪಂಚೆಯ ಮೇಲಿನ ನೀಲಿ ಬುಷ್ಷು ತಂದು ಬೆಳಕಿಗೆ ಹಿಡಿದರು, ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆ.

"ಗಾಡಿ ಕೆಟ್ಟಿದ್ದಕ್ಕ ನನಗ ಸಿಟ್ಟಿಲ್ಲವ್ವಾ," ಎಂದರು. ಅಕ್ಕೋರ ಎನ್ನದೆ ಹಾಗೆ ಕರೆದದ್ದು ಅದೊಂದೇ ಸಲ. "ಎಂಟ ದಿನ ನನ್ನ ಕೈನ ನಾ ನಂಬಲಿಲ್ಲಲಾ. ಅದಕ್ಕ ಸಂಕಟ ಆಗತೈತಿ."

ಆಮೇಲೆ ಶಿಷ್ಯನ ಕಡೆ ತಿರುಗಿ ಪೆಟ್ಟಿಗೆ ಇಳಿಸಲು ಹೇಳಿದರು. ನಾನು ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಅತ್ತೆ.

ಸಾಮಾನು ಪುಣೆಯಿಂದ ಬರಲು ಎರಡು ವಾರ ಬೇಕಾಯಿತು. ಕನ್ವರ್ಟರ್ ಕೂಡಿಸುವ ದಿನ ನನ್ನನ್ನೇ ಕರೆಸಿದರು. ಹತ್ತಿರ ಬಂದು ಎಣಿಸಲು ಹೇಳಿದರು. ಅವರು ಕಣ್ಣು ಮುಚ್ಚಿ ಆ ಭಾರವಾದ ಕೊಡವನ್ನು ಮೆಲ್ಲಗೆ ತಿರುಗಿಸುತ್ತ ಒತ್ತಿದರು. ನಾನು ಉಸಿರು ಹಿಡಿದು ಒಂದು, ಎರಡು ಎಂದೆ. ಮೂರನೆಯದು ಬೇಗ ಬರಲಿಲ್ಲ. ಅವರ ಹಣೆಯಲ್ಲಿ ಬೆವರು ಮೂಡಿತು, ನನ್ನ ಹಣೆಯಲ್ಲೂ. ಕೊನೆಗೆ ಟಕ್ ಎಂದಿತು. ಮೂರು ಎಂದು ನಾನು ಕೂಗಿದ ದನಿಗೆ ಪಕ್ಕದ ಪಂಕ್ಚರ್ ಅಂಗಡಿಯವನು ಓಡಿ ಬಂದ.

ದೀಪಾವಳಿಯಾದ ಮೇಲೆ ಒಂದು ಬೆಳಗ್ಗೆ ಕಾಕಾ ಹೃದಯಾಘಾತದಿಂದ ತೀರಿಕೊಂಡರು. ಉತ್ತರಕ್ರಿಯೆಗೆ ಹೋದಾಗ ಕಾಕು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೈ ಹಿಡಿದರು.

"ನಿನ್ನ ಗಾಡಿ ಬಿಚ್ಚಿದಾಗ ಎಂಟ ದಿನ ಒಂದ ತುತ್ತ ಉಂಡಿಲ್ಲ ನೋಡವ್ವಾ," ಎಂದರು. "ಕೈ ಹೋತು, ಕೈ ಹೋತು ಅಂತಿದ್ರು. ಆಮ್ಯಾಲ ಒಂದಿನ ನಕ್ಕೋತ ಬಂದ್ರು, ಎರಡ ರೊಟ್ಟಿ ಜಾಸ್ತಿ ತಿಂದ್ರು. ತಪ್ಪ ನಂದಲ್ಲ ಅಂದ್ರು. ಮತ್ತ ಯಾರದ್ರಿ ಅಂತ ಕೇಳಿದ್ರ, ಯಾವದೋ ಟ್ರ್ಯಾಕ್ಟರದ್ದು ಅಂದ್ರು."

ಹೆಂಡತಿಯ ಮುಂದೆ ಕೂಡ ಅವರು ನನ್ನ ಮಾನ ಕಾಯ್ದಿದ್ದರು. ಅದನ್ನು ಹಾಗೇ ಇಟ್ಟುಕೊಂಡು ಎದ್ದು ಬರಬಹುದಿತ್ತು. ಈ ಸಲ ಎಂಟು ದಿನ ಕಾಯಲು ನನ್ನಿಂದಾಗಲಿಲ್ಲ.

"ಟ್ರ್ಯಾಕ್ಟರದ್ದಲ್ರಿ ಕಾಕು," ಎಂದೆ. "ತಪ್ಪ ನಂದು."