ದೊಡ್ಡಪ್ಪ ನಂಬದ ಸಿನಿಮಾಗಳು

ನನ್ನ ದೊಡ್ಡಪ್ಪ ಪುಟ್ಟಮಾದಯ್ಯನವರಿಗೆ ಸಿನಿಮಾ ಎಂದರೆ ಪ್ರಾಣ. ಆದರೆ ಅದರೊಳಗಿನ ಒಬ್ಬನ ಮೇಲೂ ನಂಬಿಕೆಯಿಲ್ಲ. ಬದನಗುಪ್ಪೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಅವರಿಗೆ ಸೆಕ್ಯುರಿಟಿ ಕೆಲಸ. ಕೆಲಸ ಮುಗಿಸಿ ಹೊರಟವರ ಊಟದ ಡಬ್ಬಿಯ ಮುಚ್ಚಳ ತೆಗೆಸಿ ನೋಡುವ ಕಣ್ಣಿನಲ್ಲೇ ಪರದೆಯನ್ನೂ ನೋಡುತ್ತಾರೆ. ಹೀರೊ ಸುಮ್ಮನೆ ನಕ್ಕರೂ ಸಾಕು, "ಇವ್ನು ಯಾಕ್ಲಾ ನಗ್ತಾವ್ನೆ? ಒಳಗೇನೋ ಮಡಿಕ್ಕಂಡವ್ನೆ" ಎಂದು ಶುರು ಮಾಡುತ್ತಾರೆ.

ಅವರ ಪ್ರಕಾರ ಹಳೆಯ ಸಿನಿಮಾದಲ್ಲಿ ಮೋಸಗಾರನಿಗೂ ಒಂದು ನಿಯತ್ತಿತ್ತು. ಹೊಳೆಯುವ ಗೌನು ತೊಟ್ಟು, ಬಾಯಲ್ಲಿ ಪೈಪು ಇಟ್ಟುಕೊಂಡು ಮಹಡಿ ಮೆಟ್ಟಿಲು ಇಳಿದು ಬಂದರೆ ಅವನು ಯಾರೆಂದು ಹಾಲು ಕುಡಿಯುವ ಕೂಸಿಗೂ ತಿಳಿಯುತ್ತಿತ್ತು. ಈಗ ಹೀರೊಗೂ ಗಡ್ಡ, ವಿಲನ್‌ಗೂ ಗಡ್ಡ, ಹಿಡಿಯಲು ಬಂದ ಪೊಲೀಸಿನವನಿಗೂ ಗಡ್ಡ. ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಎಂದು ಗೊತ್ತಾಗದಂತೆ ಎಲ್ಲ ಕಡೆ ಕತ್ತಲು. ಥಿಯೇಟರ್ ಮುಂದೆ ನಿಂತು ಮೈಕಿಗೆ "ಬೊಂಬಾಟ್" ಎಂದು ಕಿರುಚುವ ಹುಡುಗರೆಲ್ಲ ಸಿನಿಮಾದವರು ಕೊಡಿಸಿದ ಬಿರಿಯಾನಿ ತಿಂದು ಬಂದವರು ಎಂಬುದರಲ್ಲಿ ಅವರಿಗೆ ಸಂಶಯವೇ ಇಲ್ಲ. ಎರಡನೇ ಭಾಗ ಬರುತ್ತದೆ ಎಂದು ಅರ್ಧಕ್ಕೇ ಮುಗಿಸುವ ಹೊಸ ಸಿನಿಮಾಗಳನ್ನು ಕಂಡರಂತೂ ಮೈಯೆಲ್ಲ ಉರಿ. "ಕೊನೆ ತೋರುಸ್ದೇ ಆಚೆಗ್ ಕಳುಸ್ತಾರಲ್ಲ, ಇದು ಅಗಲು ದರೋಡೆ ಅಲ್ವೇನ್ಲಾ?" ಎನ್ನುತ್ತಾರೆ.

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಮಲಯಾಳಂ ಸಿನಿಮಾ ನೋಡುತ್ತೇವೆ ಎಂಬುದೂ ಅವರಿಗೆ ಗುಮಾನಿಯೇ. ನಾನು ಸಿಕ್ಕಾಗಲೆಲ್ಲ ಹೇಳುತ್ತಾರೆ: "ಅದ್ರಲ್ಲಿ ಒಬ್ಬ ಸಾಧು ತರ ಟೀ ಕುಡೀತಾ ಕೂತಿರ್ತಾನೆ ನೋಡು ದಿಲೀಪ, ಅವ್ನೇ ಕಣ್ಲಾ ಕೊಲೆ ಮಾಡಿರದು. ನಿಮ್ಮಪ್ಪನೂ ಅದೇ ಜಾತಿ."

ನನ್ನಪ್ಪ ಎಂದರೆ ಅವರ ಒಡಹುಟ್ಟಿದ ತಮ್ಮ ಶಿವಸ್ವಾಮಿ. ಮದ್ದೂರು ಅರಣ್ಯ ವಲಯದಲ್ಲಿ ಫಾರೆಸ್ಟ್ ವಾಚರ್ ಆಗಿ, ಗುಂಡ್ಲುಪೇಟೆಯಲ್ಲೇ ನೆಲೆಸಿದವರು. ಅಜ್ಜಿ ತೀರಿಕೊಂಡಿದ್ದು ನಮ್ಮ ಮನೆಯಲ್ಲಿ. ತಿಥಿಯ ದಿನ ದೊಡ್ಡಪ್ಪ, ಸುದ್ದಿ ತಡವಾಗಿ ಕಳಿಸಿದಿರಿ ಎಂದು ರೇಗಿ, ಊಟಕ್ಕೆ ಕೂರದೆ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟರು. ಅಪ್ಪ ಹಿಂದೆಯೇ ಓಡಿಹೋಗಿ ಬಸ್ಸಿನ ಕಿಟಕಿ ಹಿಡಿದು "ಅಣ್ಣ" ಎಂದರು. ಅಷ್ಟರಲ್ಲಿ ಬಸ್ಸು ಹೊರಟಿತು. ಮುಂದೆ ಅಪ್ಪ ಏನು ಹೇಳಲಿದ್ದರು ಎಂಬುದನ್ನು ದೊಡ್ಡಪ್ಪ ತಾವೇ ತೀರ್ಮಾನಿಸಿಕೊಂಡರು. "ಅವ್ವುನ್ ಎಡೆ ಆರಿರ್ಲಿಲ್ಲ, ಜಮೀನಲ್ಲಿ ಪಾಲು ಕೇಳಕ್ ಓಡ್ಬಂದ" ಎಂದು ತಮ್ಮೂರು ಉಮ್ಮತ್ತೂರಿಗೆಲ್ಲ ಹೇಳಿದರು. ಅಪ್ಪ ಎಷ್ಟು ವರ್ಷವಾದರೂ ಪಾಲು ಕೇಳಲಿಲ್ಲ. ಹಾಗೆ ಕೇಳದೆ ಇದ್ದದ್ದು ಇನ್ನೂ ದೊಡ್ಡ ಅನುಮಾನಕ್ಕೆ ದಾರಿಯಾಯಿತು. ಅಪ್ಪ ಊರಿಗೆ ಹೋದರೆ ದೊಡ್ಡಪ್ಪ ಹಿತ್ತಲ ಬಾಗಿಲಿನಿಂದ ಎದ್ದು ಹೋಗುತ್ತಿದ್ದರು. ಅನುಮಾನಂ ಪೆದ್ದ ರೋಗಂ ಎಂದು ಸುಮ್ಮನೆ ಹೇಳಿಲ್ಲ.

ಈಗ ನನ್ನ ತಂಗಿ ಕುಮಾರಿಯ ಮದುವೆ. ಅಣ್ಣ ಬಂದು ನಿಲ್ಲದಿದ್ದರೆ ಚಪ್ಪರದ ಕಂಬ ನೆಡುವುದಿಲ್ಲ ಎಂದು ಅಪ್ಪ ಹಟ ಹಿಡಿದು ಕೂತರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅಣ್ಣತಮ್ಮಂದಿರ ಜಗಳದಲ್ಲಿ ಹುಡುಗಿ ಯಾಕೆ ಕಣ್ಣೀರು ಹಾಕಬೇಕು? ಲಗ್ನಪತ್ರಿಕೆ ಹಿಡಿದು ನಾನೇ ಉಮ್ಮತ್ತೂರಿಗೆ ಹೋದೆ.

ದೊಡ್ಡಪ್ಪ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನನ್ನೆಸ್ರು ಯಾಕ್ ಮ್ಯಾಲೆ ಆಕ್ಸವ್ನೆ ನಿಮ್ಮಪ್ಪ? ಇದ್ರಲ್ಲೇನೋ ಅದೆ" ಎಂದರು. ಆಮೇಲೆ ತಮಗಿಷ್ಟವಾದ ಹಳೆಯ ಸಿನಿಮಾದ ಕಥೆ ತೆಗೆದರು. ಅಣ್ಣ ಮೂಟೆ ಹೊತ್ತು ತಮ್ಮನನ್ನು ಓದಿಸುತ್ತಾನೆ. ತಮ್ಮ ದೊಡ್ಡ ಮನುಷ್ಯನಾಗಿ ಅಣ್ಣನ ಕತ್ತು ಹಿಡಿದು ಮನೆಯಿಂದ ನೂಕುತ್ತಾನೆ.

"ಆಮೇಲೆ?" ಎಂದೆ.

"ಆಮೇಲೇನ್ಲಾ? ಅಷ್ಟೇಯ. ನಂಬುದ್ರೆ ಬೀದಿ ಪಾಲು."

ಒಲೆಯ ಮುಂದಿದ್ದ ದೊಡ್ಡಮ್ಮ ಚಿಕ್ಕನಿಂಗಮ್ಮ ಗೊಳ್ಳೆಂದು ನಕ್ಕರು. "ನಿಮ್ ದೊಡ್ಡಪ್ಪ ಆವಾಗ ಯಾವ್ ಪಿಚ್ಚರ್ನ ಕೊನೇಗಂಟ ನೋಡವ್ರಪ್ಪ? ಕೂಲಿ ಮುಗ್ಸಿ ಚಾಮ್ರಾಜ್ನಗರಕ್ ಓದ್ರೆ ಮೊದಲ್ನೇ ಆಟ. ಅದು ಬುಡಗಂಟ ಕೂತ್ರೆ ಊರಿನ ಕೊನೇ ಬಸ್ಸು ಇಲ್ಲ. ಕತೆ ಗಂಟು ಬೀಳೋ ಒತ್ಗೆ ಎದ್ ಬಂದ್ಬುಡ್ತಿದ್ರು."

"ಕೊನೇಲೇನಿರ್ತದೆ? ಒಡ್ದಾಟ ತಾನೆ?" ಎಂದು ದೊಡ್ಡಪ್ಪ ಗದರಿದರು.

ನನಗೆ ನಗು ಬಂತು. ಹಳೆಯ ಸಂಸಾರದ ಸಿನಿಮಾಗಳಲ್ಲಿ ಎಲ್ಲರೂ ಎಲ್ಲರನ್ನೂ ತಪ್ಪು ತಿಳಿಯುವ ಹೊತ್ತೇ ಉಮ್ಮತ್ತೂರಿನ ಬಸ್ಸು ಹೊರಡುವ ಹೊತ್ತು. ಈ ಮನುಷ್ಯ ಜೀವಮಾನವೆಲ್ಲ ಮೋಸವನ್ನಷ್ಟೇ ನೋಡಿ ಬಸ್ಸು ಹತ್ತಿದವರು. ನನ್ನ ಫೋನಿನಲ್ಲಿ ಆ ಸಿನಿಮಾ ಹುಡುಕಿ ಅವರ ಟಿವಿಗೆ ಹಾಕಿದೆ.

ದೊಡ್ಡಪ್ಪ ಕಣ್ಣು ಮಿಟುಕಿಸದೆ ನೋಡಿದರು. ಹಾಡಿಗೆ ತೊಡೆ ತಟ್ಟಿದರು. ಪರದೆಯಲ್ಲಿ ತಮ್ಮ, ಅಣ್ಣನ ಕತ್ತು ಹಿಡಿದು ನೂಕಿದ. ದೊಡ್ಡಪ್ಪ ಎದ್ದು ನಿಂತರು, ಟವೆಲು ಹೆಗಲಿಗೆ ಹಾಕಿಕೊಂಡರು, ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದರು.

"ಎಲ್ಲಿಗ್ ದೊಡ್ಡಪ್ಪ? ಮನೇಲೇ ಇದ್ದೀರಲ್ಲ" ಎಂದೆ.

ಅವರು ತಮ್ಮ ಕಾಲನ್ನೇ ನೋಡಿಕೊಂಡು, ನಾಚಿ, ಬಂದು ಕೂತರು. ಸಿನಿಮಾ ಮುಂದುವರಿಯಿತು. ಅಣ್ಣನನ್ನು ಕೊಲ್ಲಿಸಲು ಸಾಹುಕಾರ ಆಳುಗಳನ್ನು ಕಳಿಸಿದ್ದ. ಅಣ್ಣ ಆ ರಾತ್ರಿ ಮನೆಯಲ್ಲಿರಬಾರದೆಂದೇ ತಮ್ಮ ಹೊರಗೆ ನೂಕಿದ್ದ. ಕೊನೆಗೆ ತಮ್ಮ ಅಣ್ಣನ ಕಾಲು ಹಿಡಿದು ಅತ್ತ.

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. "ಇದು ಈಗ ಸೇರ್ಸಿರದು. ಕಂಪ್ಯೂಟರ್ನಲ್ಲಿ ಏನ್ ಬೇಕಾದ್ರೂ ಮಾಡ್ತಾರೆ" ಎಂದರು.

"ಊರಲ್ಲಿ ಎಲ್ರೂ ನೋಡಿರೋ ಪಿಚ್ಚರು. ನೀವೊಬ್ರೇ ನೋಡ್ದೇ ಇರದು" ಎಂದರು ದೊಡ್ಡಮ್ಮ. ಈ ಸಲ ಅವರು ನಗಲಿಲ್ಲ. ದೊಡ್ಡಪ್ಪ ನನ್ನ ಕಡೆ ತಿರುಗಿ, "ಇದ ತೋರ್ಸು ಅಂತ ನಿಮ್ಮಪ್ಪನೇ ಯೇಳ್ ಕಳುಸ್ದ?" ಎಂದು ಕೇಳಿದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದುಕೊಂಡು, ಕಾಫಿಯನ್ನೂ ಕುಡಿಯದೆ ಗುಂಡ್ಲುಪೇಟೆಗೆ ವಾಪಸು ಬಂದೆ.

ಚಪ್ಪರದ ದಿನ ಬೆಳಿಗ್ಗೆ ಬಿದಿರು, ಗರಿ ಎಲ್ಲ ಬೀದಿಯಲ್ಲಿ ಬಿದ್ದಿದ್ದವು. ಅಪ್ಪ ಜಗಲಿ ಬಿಟ್ಟು ಏಳಲಿಲ್ಲ. ಕುಮಾರಿ ಒಳಗೆ ಮುಖ ಊದಿಸಿಕೊಂಡು ಕೂತಿದ್ದಳು. ಆಗ ದೊಡ್ಡಪ್ಪ ಇಸ್ತ್ರಿ ಶರಟು ಹಾಕಿಕೊಂಡು ಬಂದರು. ಒಳಗೆ ಬನ್ನಿ ಎಂದು ಅಮ್ಮ ಕರೆದರೂ ಬರಲಿಲ್ಲ. ಬೀದಿಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಅಪ್ಪನ ಎದುರಿಗೆ ಎಳೆದುಕೊಂಡು ಕೂತರು.

"ಶಿವ, ಅವತ್ತು ಬಸ್ಸತ್ರ ಏನೋ ಯೇಳಕ್ ಬಂದಲ್ಲ, ಈಗ ಯೇಳು. ಪಾಲು ಕೇಳಕೇ ಬಂದಿದ್ರೂ ಯೇಳ್ಬುಡು. ಪೂರ್ತಿ ಕೇಳ್ದೆ ಇಲ್ಲಿಂದ ಏಳಕ್ಕಿಲ್ಲ."

ಅಪ್ಪ ಗಾಬರಿಯಾದರು. "ಅದಾ? ಏನಿಲ್ಲ ಕಣಣ್ಣ. ನೀನು ಬೆಳಗ್ಗಿಂದ ಅಸ್ಕಂಡಿದ್ದೆ. ಉಂಡ್ಕಂಡ್ ಓಗು ಅನ್ನಕ್ ಬಂದೆ."

ದೊಡ್ಡಪ್ಪ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

"ಅಷ್ಟೇಯಾ?"

"ಅಷ್ಟೇ ಕಣಣ್ಣ."

ದೊಡ್ಡಪ್ಪ ಬೀದಿಯಲ್ಲೇ, ಎಲ್ಲರೆದುರು, ಗಟ್ಟಿಯಾಗಿ ಅಳತೊಡಗಿದರು. ಮದುವೆ ಮನೆ ಮುಂದೆ ಅಳಬಾರದು ಎಂದು ಅಮ್ಮ ಓಡಿಬಂದು ಹೇಳಿದಳು. ಅವರು ನಿಲ್ಲಿಸಲಿಲ್ಲ.