ಫೋನಿನ್ಯಾಗ ಮಾತಾಡಾಕಿ

ಮೊದಲು ನನ್ನ ಕೆಲಸ ಮೈಕು ಹಿಡಿಯುವುದಾಗಿತ್ತು. ರಾಯಚೂರಿನ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ನಮ್ಮ ಖರ್ಚನ್ನೆಲ್ಲ ದೂರದ ಒಂದು ಕಂಪನಿ ನೋಡಿಕೊಳ್ಳುತ್ತಿತ್ತು. ಸಿಎಸ್‌ಆರ್, ಅಂದರೆ ಕಂಪನಿಯ ಸಮಾಜಸೇವೆ, ಆಗ ನಮ್ಮ ಪಾಲಿಗೆ ವರ್ಷಕ್ಕೊಮ್ಮೆ ಮಾನ್ವಿಯಲ್ಲೋ ದೇವದುರ್ಗದಲ್ಲೋ ಶಾಮಿಯಾನ ಹಾಕಿಸುವುದು, ಕಂಪನಿಯ ಹೆಸರಿನ ಬ್ಯಾನರು ಕಟ್ಟುವುದು, ಬಸುರಿಯರಿಗೆ ತಪಾಸಣೆ ಮಾಡಿಸಿ ಖರ್ಜೂರ, ಶೇಂಗಾ ಚಿಕ್ಕಿ ತುಂಬಿದ ಚೀಲ ಕೊಡುವುದು. ಕೊಡುವಾಗ ಫೋಟೋ. ಫೋಟೋದಲ್ಲಿ ಬ್ಯಾನರು ಕಾಣಬೇಕು. "ಯವ್ವಾ, ಸ್ವಲ್ಪ ಈ ಕಡಿ ನೋಡ್ರಿ" ಎಂದು ಕೂಗುವವಳು ನಾನು. ಮನೆಯಲ್ಲಿ ನಾವು ದಖನಿ ಉರ್ದು ಮಾತಾಡುವವರು. ಅಬ್ಬಾನ ಬಳೆ ಅಂಗಡಿಯಲ್ಲಿ ಹಳ್ಳಿ ಹೆಂಗಸರ ಕೈಗೆ ಬಳೆ ಇಡಿಸುತ್ತ, ಅವರ ಮನೆ ಸುದ್ದಿ ಕೇಳುತ್ತ ಕನ್ನಡ ಕಲಿತವಳು. ಆ ಕನ್ನಡವೇ ನನಗೆ ಅನ್ನ ಹಾಕಿತು.

ಆಮೇಲೆ ಕಂಪನಿಯಿಂದ ಹೊಸ ಮೇಡಂ ಬಂದರು. ನನಗಿಂತ ಚಿಕ್ಕವರು, ಮೈಸೂರು ಕಡೆಯವರು. ಮಾನ್ವಿಯ ಶಿಬಿರ ಮುಗಿದು ಶಾಮಿಯಾನದ ಕಂಬ ಕೀಳುತ್ತಿದ್ದಾಗ ಪಕ್ಕಕ್ಕೆ ಬಂದು ಕೇಳಿದರು.

"ಇವತ್ತು ಇಷ್ಟು ಜನ ಬಂದ್ರಲ್ಲ, ಇವರಲ್ಲಿ ಯಾರಿಗೆ ಸುಖವಾಗಿ ಹೆರಿಗೆ ಆಯ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಮುಂದಿನ ವರ್ಷ ಕೂಸು ಎತ್ಕೊಂಡು ಬಂದ್ರ ಗೊತ್ತಾಗ್ತದ್ರೀ."

"ಬರದೇ ಇದ್ರೆ?"

ಅಂದಿನಿಂದ ನನಗೆ ಶಿಬಿರಗಳಲ್ಲಿ ನಿಲ್ಲಲು ಆಗಲಿಲ್ಲ. ಮೈಕು ಹಿಡಿದಾಗಲೆಲ್ಲ ಮುಂದೆ ಕೂತವರ ಮುಖಗಳನ್ನು ಹಿಂದಿನ ವರ್ಷದ ಮುಖಗಳ ಜೊತೆ ಹೊಂದಿಸಿ ನೋಡುತ್ತಿದ್ದೆ. ಕೆಲವು ಸಿಗುತ್ತಿದ್ದವು, ಬಹಳಷ್ಟು ಸಿಗುತ್ತಿರಲಿಲ್ಲ.

ಮೇಡಂ ಚೀಲ ಹಂಚುವುದನ್ನು ನಿಲ್ಲಿಸಿದರು. ಕಂಪನಿಗೆ ಗೊತ್ತಿರುವ ವಿದ್ಯೆಯಿಂದಲೇ ಜನಕ್ಕೆ ಉಪಯೋಗವಾಗಬೇಕು, ಒಂದೇ ಕೆಲಸ ಹಿಡಿದು ಬಿಡದೆ ಮಾಡಬೇಕು ಎಂದರು. ಕಂಪನಿಗೆ ಗೊತ್ತಿದ್ದದ್ದು ಫೋನಿನ ವ್ಯವಸ್ಥೆ. ಹಾಗಾಗಿ ನಮ್ಮ ಭಾಗದ ಬಸುರಿಯರ, ಬಾಣಂತಿಯರ ಫೋನಿಗೆ ವಾರವಾರ ಕರೆ ಹೋಗುವುದೆಂದಾಯಿತು. ಎತ್ತಿದರೆ ಒಂದು ಹೆಣ್ಣಿನ ದನಿ ಆ ತಿಂಗಳಿಗೆ ತಕ್ಕ ಮಾತು ಹೇಳಬೇಕು. ಆ ದನಿ ನನ್ನದಾಯಿತು.

ಹೊರಗಿನ ಸದ್ದು ಬಾರದಂತೆ ಆಫೀಸಿನ ಸಾಮಾನು ಕೋಣೆಯ ಗೋಡೆಗಳಿಗೆ ಹಳೆ ಶಿಬಿರಗಳಲ್ಲಿ ಉಳಿದ ರಗ್ಗುಗಳನ್ನು ಹೊಡೆದು ಧ್ವನಿಮುದ್ರಣ ಶುರುಮಾಡಿದೆವು. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನು ಆರಿಸಿ ಕೂರುವುದೆಂದರೆ ಗೊತ್ತಲ್ಲ. ಬರೆದುಕೊಟ್ಟ ಮಾತು "ಗರ್ಭಿಣಿಯರು ಪೌಷ್ಟಿಕ ಆಹಾರ ಸೇವಿಸತಕ್ಕದ್ದು" ಎಂದಿತ್ತು. ನಾನು "ತಂಗಿ, ಊಟ ಆತೇನು? ಇವತ್ತು ಏನು ಉಂಡಿ?" ಎಂದು ಓದಿ ತೋರಿಸಿದೆ. ಮೇಡಂ ನಕ್ಕು, ಎಲ್ಲವನ್ನೂ ಹಾಗೆಯೇ ಬದಲಿಸಲು ಹೇಳಿದರು. ಪ್ರಶ್ನೆ ಕೇಳಿದ ಮೇಲೆ ಉಸಿರು ಎಳೆದುಕೊಳ್ಳುವಷ್ಟು ಬಿಡುವು, ಆಮೇಲೆ ಮುಂದಿನ ಮಾತು.

ಯೋಜನೆ ಚೆನ್ನಾಗಿ ನಡೆಯಿತು. ಯಾರು ಕರೆ ಪೂರ್ತಿ ಕೇಳಿದರು, ಯಾರು ನಡುವೆ ಇಟ್ಟರು ಎಂಬುದು ಮೇಡಂ ಲ್ಯಾಪ್‌ಟಾಪಿನಲ್ಲಿ ಹಸಿರು, ಕೆಂಪು ಬಣ್ಣಗಳಲ್ಲಿ ಕಾಣುತ್ತಿತ್ತು. ದಿನೇ ದಿನೇ ಹಸಿರು ಹೆಚ್ಚಾಯಿತು. ನನಗೆ ಮಾತ್ರ ಒಂದು ಚಡಪಡಿಕೆ ಅಂಟಿಕೊಂಡಿತು. ಮಧ್ಯಾಹ್ನ ಊಟಕ್ಕೆ ಕೂತರೆ, ಈಗ ಎಷ್ಟು ಮನೆಗಳಲ್ಲಿ ನಾನು ಮಾತಾಡುತ್ತಿರಬಹುದು ಅನಿಸುತ್ತಿತ್ತು. ನಾನು ಕಾಲಿಡದ ಮನೆಗಳು, ಮುಖ ನೋಡದ ಹೆಣ್ಣುಗಳು.

ಒಂದು ದಿನ ಆಶಾ ಕಾರ್ಯಕರ್ತೆಯರ ಸಭೆಗೆಂದು ದೇವದುರ್ಗಕ್ಕೆ ಹೋಗಿದ್ದೆ. ಸಭೆ ಮುಗಿದು ಬಸ್ ನಿಲ್ದಾಣಕ್ಕೆ ಬಂದರೆ ರಾಯಚೂರು ಬಸ್ಸಿನ ಸುಳಿವಿಲ್ಲ. ಪಕ್ಕದಲ್ಲಿ ಸೊಪ್ಪಿನ ಗಂಟಿಟ್ಟುಕೊಂಡು ಕೂತಿದ್ದ ಹೆಂಗಸನ್ನು ಕೇಳಿದೆ, "ಬಸ್ ಹೋಗಿಬಿಟ್ಟದೇನವ್ವಾ?"

ಆಕೆ ಉತ್ತರ ಕೊಡದೆ ನನ್ನ ಬಾಯನ್ನೇ ನೋಡಿದಳು. "ಇನ್ನೊಂದ್ಸಲ ಮಾತಾಡು."

"ಏನು ಮಾತಾಡ್ಲಿ?"

"ಯವ್ವಾ! ನೀನು ಫೋನಿನ್ಯಾಗ ಮಾತಾಡಾಕಿ ಹೌದಿಲ್ಲೋ? ನನ್ನ ಸೊಸಿ ನಿನ್ನ ಕೂಡ ಮಾತಾಡ್ತಾಳ. ಬಾ, ಮನಿ ಇಲ್ಲೇ ಅದ. ಬಸ್ಸು ಬರೂದು ತಡ ಆಗ್ತದ."

ಮನೆ ನಿಜಕ್ಕೂ ಹತ್ತಿರವೇ ಇತ್ತು. ಸೊಸೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು, ದಿನ ತುಂಬುತ್ತ ಬಂದ ಬಸುರಿ. ನಾನು "ಹೆಂಗದಿ ತಂಗಿ?" ಎಂದದ್ದೇ ತಡ, ಅವಳ ಮುಖ ಅರಳಿತು. ಎಷ್ಟೋ ದಿನದ ಗೆಳತಿ ಬಂದಂತೆ ಕೈ ಹಿಡಿದುಕೊಂಡಳು. ಅತ್ತೆ ಚಹಾಕ್ಕೆ ಒಳಗೆ ಹೋದಳು.

"ಅಕ್ಕಾ, ನಿಮ್ಮ ಮ್ಯಾಲ ನನಗ ಒಂದು ಸಿಟ್ಟದ" ಎಂದಳು ನಗುತ್ತಲೇ. "ಊಟ ಆತೇನು ಅಂತೀರಿ, ಆತ್ರೀ ಅಂತೀನಿ. ಮೈಯಾಗ ಆರಾಮ ಅದಿ ಇಲ್ಲೋ ಅಂತೀರಿ. ನಾ ಹೇಳಾಕ ಶುರು ಮಾಡೂದ್ರಾಗ ನೀವು ಮುಂದಿನ ಮಾತಿಗಿ ಹೋಗಿಬಿಡ್ತೀರಿ. ಕೇಳಂಗೇ ಇಲ್ಲ."

"ಏನು ಹೇಳಾಕ ಹೊಂಟಿದ್ದಿ?"

"ಕಾಲು ಬಾತಾವ, ನೋಡ್ರಿ. ಮುಖಾನೂ ಬಾತದ. ತಲಿ ಸಿಡೀತದ. ಮುಂಜಾನಿ ಎದ್ರ ಕಣ್ಣಿಗಿ ಮಬ್ಬು."

ಇವೆಲ್ಲ ಒಟ್ಟಿಗೆ ಕಂಡರೆ ಅಪಾಯ, ತಡಮಾಡದೆ ಹೇಳಬೇಕು ಎಂದು ಆ ರಗ್ಗಿನ ಕೋಣೆಯಲ್ಲಿ ಕೂತು ನಾನೇ ಓದಿದ್ದೆ.

"ಮನ್ಯಾಗ ಯಾರಿಗೂ ಹೇಳಿಲ್ಲೇನು? ಆಶಾಗ?"

"ಯಾಕ? ಹಿಂಗ ಆದ್ರ ಹೇಳು ಅಂತ ನೀವೇ ಅಂದ್ರೆಲ್ಲ. ಅದಕ್ಕ ನಿಮಗ ಹೇಳೀನಿ. ಹೋದ ವಾರಾನೂ ಹೇಳೀನಿ."

ಚಹಾ ತಂದ ಅತ್ತೆಯ ಕೈಯಿಂದ ಲೋಟ ಇಸಿದುಕೊಂಡು ಕೆಳಗಿಟ್ಟೆ. "ಅವ್ವಾ, ಆಟೋ ಕರೀರಿ. ದವಾಖಾನಿಗಿ ಹೋಗಬೇಕು, ಈಗ."

ತಾಲೂಕು ಆಸ್ಪತ್ರೆಯಲ್ಲಿ ನರ್ಸು ಬಿ.ಪಿ. ನೋಡಿ, ಮತ್ತೊಮ್ಮೆ ನೋಡಿ, ಡಾಕ್ಟರನ್ನು ಕರೆಯಲು ಓಡಿದಳು. ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ರಾಯಚೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅತ್ತೆ ಒಂದು ಬದಿ, ನಾನು ಒಂದು ಬದಿ. ದಾರಿಯುದ್ದ ಆ ಹುಡುಗಿ ಕಣ್ಣು ಮುಚ್ಚಿಕೊಂಡೇ "ಅಕ್ಕಾ, ಮಾತಾಡ್ರಿ" ಎನ್ನುತ್ತಿದ್ದಳು. ಸಂದೇಶದ ಮಾತು ಒಂದೂ ನನ್ನ ಬಾಯಿಗೆ ಬರಲಿಲ್ಲ. ಬಳೆ ಅಂಗಡಿಯ ಕಥೆ ಹೇಳಿದೆ, ಬಿಗಿ ಬಳೆ ಏರಿಸುವಾಗ ಅಳುತ್ತಿದ್ದ ಮದುಮಗಳ ಕಥೆ, ಬಾಯಿಗೆ ಬಂದದ್ದು. ನಿಲ್ಲಿಸಿದರೆ ಏನಾಗುವುದೋ ಎಂಬ ಹೆದರಿಕೆಗೆ ಮಾತಾಡುತ್ತಲೇ ಹೋದೆ.

ಹೆಣ್ಣು ಕೂಸು ಹುಟ್ಟಿತು. ತೂಕ ಕಮ್ಮಿ ಎಂದು ಕೆಲವು ದಿನ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟಿದ್ದರು. ಆಮೇಲೆ ತಾಯಿ, ಮಗಳು ಇಬ್ಬರೂ ಮನೆಗೆ ಹೋದರು.

ಕಂಪನಿಯವರಿಗೆ ಈ ಸುದ್ದಿ ಮುಟ್ಟಿತು. ಯೋಜನೆ ಜೀವ ಉಳಿಸಿದ ಕಥೆ ಎಂದು ವಿಡಿಯೋ ಮಾಡಬೇಕೆಂದರು. ನಾನು ಮೇಡಂ ಎದುರು ಕೂತೆ. ಅವರ ಲ್ಯಾಪ್‌ಟಾಪಿನಲ್ಲಿ ಆ ಹುಡುಗಿಯ ಸಾಲು ಪೂರ್ತಿ ಹಸಿರಾಗಿತ್ತು, ಒಂದು ಕರೆಯನ್ನೂ ಬಿಡದೆ ಕೇಳಿದ್ದಳು.

"ಫೋನು ಉಳಿಸಿಲ್ರೀ ಮೇಡಂ. ಬಸ್ಸು ತಡ ಆತು, ಅದು ಉಳಿಸ್ತು."

ಅವರು ಲ್ಯಾಪ್‌ಟಾಪು ಮುಚ್ಚಿದರು. "ವಿಡಿಯೋ ಬೇಡ" ಎಂದರು. "ಈ ಫೋನು ಕೇಳಿಸಿಕೊಳ್ಳೋ ಹಾಗೆ ಆಗ್ಬೇಕು."

ಮುಂದೆ ಬಂದದ್ದು ಈಗ ಎಲ್ಲರೂ ಮಾತಾಡುವ ಎಐ. ನನ್ನ ಮುದ್ರಣಗಳನ್ನೆಲ್ಲ ಕೇಳಿಸಿ ಅದಕ್ಕೆ ನನ್ನ ದನಿ ಕಲಿಸಿದ್ದರು. ಪ್ರಶ್ನೆ ಕೇಳಿ ಸುಮ್ಮನಿರುತ್ತದೆ, ಆ ಕಡೆಯವರು ಹೇಳಿ ಮುಗಿಸುವವರೆಗೂ ಕಾಯುತ್ತದೆ, ಹೇಳಿದ್ದಕ್ಕೆ ತಕ್ಕ ಉತ್ತರ ಕೊಡುತ್ತದೆ. ದನಿ ಬಳಸಲು ಒಪ್ಪಿಗೆ ಕೊಡುವ ಮೊದಲು ಕೇಳಿ ನೋಡಿ ಎಂದು ಮೇಡಂ ಅದನ್ನು ನನ್ನ ಫೋನಿಗೂ ಹಾಕಿಕೊಟ್ಟರು.

ಮನೆಯಲ್ಲಿ ಅಮ್ಮಿಗೆ ಕೇಳಿಸಿದೆ. ಅಮ್ಮಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕಿವಿಗೊಟ್ಟಳು. "ಆವಾಜ್ ತೋ ತೇರೀಚ್ ಹೈ" ಎಂದಳು. "ಲೇಕಿನ್ ತೂ ದಮ್ ನೈ ಲೇರೀ." ದನಿ ನಿನ್ನದೇ, ಆದರೆ ನೀನು ಉಸಿರು ತೆಗೆದುಕೊಳ್ಳುತ್ತಿಲ್ಲ. ಅಷ್ಟು ಹೇಳಿ ಮತ್ತೆ ಮೊರದ ಕಡೆ ತಿರುಗಿದಳು. ನಾನು ಮಾಳಿಗೆ ಹತ್ತಿ ಅತ್ತಿಂದಿತ್ತ ಓಡಾಡಿದೆ. ನಾನು ಎಂದೂ ಆಡದ ಮಾತುಗಳನ್ನು ನನ್ನ ದನಿ ಆಡುತ್ತಿತ್ತು. ಬೇಡ ಎಂದುಬಿಡಬಹುದಿತ್ತು. ಆದರೆ ಅದು ಕಾಯುತ್ತದೆ, ಕೇಳುತ್ತದೆ; ನನ್ನ ಮುದ್ರಣ ಅಷ್ಟನ್ನೂ ಮಾಡುತ್ತಿರಲಿಲ್ಲ.

ಮರುದಿನ ಮೇಡಂಗೆ ಹೇಳಿದೆ. "ದನಿ ಕೊಡ್ತೀನ್ರಿ. ಆದ್ರ, ನಾನು ಮಷೀನು ಅಂತ ಅದು ಮೊದಲಿಗೇ ಹೇಳಬೇಕು. ಮತ್ತ ಯಾರರ ಕಾಲು ಬಾತಾವ, ರಕ್ತ ಹೊಂಟದ ಅಂದ್ರ, ಆ ಮಾತು ಅದರ ಹತ್ರ ಉಳೀಬಾರದು. ಒಬ್ಬ ಮನುಷ್ಯಾಗ ಮುಟ್ಟಬೇಕು."

"ಯಾರಿಗೆ?"

"ಆ ಊರಿನ ಆಶಾಗ. ನನಗೂ."

ಮೇಲಿನವರನ್ನು ಒಪ್ಪಿಸಲು ಮೇಡಂಗೆ ಸಾಕುಸಾಕಾಯಿತು. ಜನರನ್ನಿಟ್ಟರೆ ಖರ್ಚು ಇಳಿಯುವುದು ಹೇಗೆ ಎಂಬುದು ಅವರ ತಕರಾರು. ಕಡೆಗೂ ಒಪ್ಪಿದರು.

ಈಗ ನನ್ನ ಫೋನು ಸೊಂಟದಲ್ಲೇ ಇರುತ್ತದೆ. ಸದ್ದಾದರೆ ಮಾಡುತ್ತಿದ್ದ ಕೆಲಸ ಬಿಟ್ಟು ಎತ್ತಿಕೊಳ್ಳುತ್ತೇನೆ, ಸದ್ದಾಗದಿದ್ದರೆ ಕೆಟ್ಟಿದೆಯೋ ಎಂದು ತೆಗೆದು ನೋಡುತ್ತೇನೆ. ಹೋದ ವಾರ ಮಾನ್ವಿ ಕಡೆಯ ಕಲ್ಲೂರಿನಿಂದ ಸಂದೇಶ ಬಂತು: ಬೆಳಗಿನಿಂದ ಕೂಸು ಹೊಟ್ಟೆಯಲ್ಲಿ ಆಡಿಲ್ಲ ಎಂದು ಒಬ್ಬಳು ಮಷೀನಿಗೆ ಹೇಳಿದ್ದಳು. ಆಶಾಗೆ ಫೋನು ಹಚ್ಚಿದೆ; ಹೊಲದಲ್ಲಿದ್ದವಳು ಹಾಗೇ ಹೊರಟಳು. ಆಮೇಲೆ ಆ ಹೆಣ್ಣುಮಗಳಿಗೆ ಹಚ್ಚಿದೆ.

"ಮಷೀನೇನು?" ಎಂದಳು ಆಕೆ.

"ಅಲ್ಲವ್ವಾ, ಮನುಷ್ಯಾಳು. ಎಡ ಮಗ್ಗಲಾಗಿ ಮಲ್ಕೋ. ಆಶಾ ಬರಾಕತ್ತಾಳ, ದವಾಖಾನಿಗಿ ಕರ್ಕೊಂಡು ಹೋಗ್ತಾಳ. ಅಲ್ಲೀಮಟ ಫೋನ್ ಇಡಬ್ಯಾಡ."

ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳುತ್ತ ಇದ್ದೆವು. ಬಾಗಿಲ ಸದ್ದಾಯಿತು, ಆಶಾಳ ಏದುಸಿರು, ಬಳೆಗಳ ಸದ್ದು.

"ಅಕ್ಕಾ!" ಎಂದು ಆಶಾ ಕೂಗಿದಳು. "ಕೈ ಇಟ್ಟ ಕೂಡಲೇ ಒದ್ದದ ನೋಡ್ರಿ! ಆದ್ರೂ ಡಾಕ್ಟರಿಗಿ ತೋರ್ಸಿಕೊಂಡೇ ಬರ್ತೀವಿ."

ಆ ಕಡೆ ಇಬ್ಬರೂ ನಗುತ್ತಿದ್ದರು. ನಾನೂ ನಕ್ಕೆ. ಫೋನಿಟ್ಟು, ನೀರು ಕುಡಿದು, ಅವರು ಡಾಕ್ಟರ ಹತ್ತಿರ ಮುಟ್ಟಿದರೋ ಇಲ್ಲವೋ ಎಂದು ಮತ್ತೆ ಹಚ್ಚಿದೆ.