ಗೋಡೆಗೆ ಹಾಕಿದ ಹಾರ

ನಮ್ಮ ಬಡಾವಣೆಯಿಂದ ಸಾರಕ್ಕಿ ಕಡೆ ಹೋಗೋ ದಾರಿಯಲ್ಲಿ ಒಂದು ಅಂಡರ್‌ಪಾಸ್ ಇದೆ. ಅದರ ಗೋಡೆಗೆ ಚಿತ್ರ ಬರೆಸಬೇಕು ಅನ್ನೋ ಐಡಿಯಾ ನನ್ನದು. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಚಿತ್ರ ಚೆನ್ನಾಗಿ ಬರ್ತಿದೆ ಅಂತ ಗೊತ್ತಾದಾಗ ಐಡಿಯಾ ತಮ್ಮದು ಅಂದವರು ನಮ್ಮ ಸಂಘದಲ್ಲಿ ನಾಲ್ಕು ಜನ ಇದ್ದರು. ಎಡವಟ್ಟಾದ ಮೇಲೆ ನಾನೊಬ್ಬನೇ ಉಳಿದೆ.

ನಾನು ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ತಿರುವಿ ರಿಟೈರಾದವನು. ಮನೇಲಿ ನನ್ನ ಮಾತು ನಡೆಯಲ್ಲ, ಅದಕ್ಕೆ ಸಂಘಕ್ಕೆ ಸೇರಿದೆ. ಅಕ್ಷರ ದುಂಡಗಿದೆ ಅನ್ನೋ ಒಂದೇ ಕಾರಣಕ್ಕೆ ನನ್ನನ್ನ ಕಾರ್ಯದರ್ಶಿ ಮಾಡಿದ್ರು. ಮೊದಲನೇ ಸಭೆಯಲ್ಲೇ ಅಂಡರ್‌ಪಾಸಿನ ವಿಷಯ ಎತ್ತಿದೆ. ಆ ಗೋಡೆಗೆ ಗಂಡಸರು ಮಾಡ್ತಿದ್ದ ಅಭಿಷೇಕ ನಿಲ್ಲಿಸೋಕೆ ಹಿಂದೆ ದೇವರ ಟೈಲ್ಸ್ ಅಂಟಿಸಿದ್ದರು. ಜನ ದೇವರಿಗೆ ಕೈಮುಗಿದು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲೋಕೆ ಶುರು ಮಾಡಿದರು. "ಪೂರ್ತಿ ಗೋಡೆ ಚಿತ್ರ ಆದ್ರೆ ನಿಲ್ಲೋಕೆ ಜಾಗ ಎಲ್ಲಿರುತ್ತೆ?" ಅಂತ ನಾನು ಕೇಳಿದ್ದಕ್ಕೆ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ತಲೆಗೆ ಹತ್ತಿದ್ದು ಇಳಿಯೋಕೆ ಎರಡು ತಿಂಗಳು ಬೇಕಾಯ್ತು.

ಚಿತ್ರ ಬರೆಯೋಕೆ ಇಟ್ಟಮಡುವಿನ ಒಬ್ಬ ಬೋರ್ಡ್ ಪೇಂಟರನ್ನ ಹಿಡಿದೆ. ಅಂಗಡಿ ಬೋರ್ಡು, ಲಾರಿ ಹಿಂಭಾಗ, ಶಾಲೆ ಗೋಡೆ ಎಲ್ಲ ಬರೆದ ಕೈ ಅದು. ಫ್ಲೆಕ್ಸ್ ಬಂದು ಅವರ ಕೆಲಸ ನುಂಗಿ ಎಷ್ಟೋ ವರ್ಷ ಆಗಿತ್ತು. ಏನು ಬರೆಯಬೇಕು ಅಂತ ಅವರು ಕೇಳಿದಾಗ ನಾನು ಸಂಘದವರ ಪಟ್ಟಿ ಓದಿದೆ. ಸಾರಕ್ಕಿ ಕೆರೆ, ಕೋಟೆ, ಕಲ್ಲಿನ ರಥ, ವೀಣೆ, ರಾಗಿ ಹೊಲ, ಮೆಟ್ರೋ, ರಾಕೆಟ್ಟು, ಕೊನೆಯಲ್ಲಿ ಯೋಗ. ಅವರು ಬೀಡಿ ಆರಿಸಿ, "ಸಾರ್, ಇದು ಗೋಡೆ. ಒಂದನೇ ಕ್ಲಾಸ್ ಪುಸ್ತಕ ಅಲ್ಲ," ಅಂದರು. ಕೊನೆಗೆ ಕೆರೆ, ರಾಗಿ ಹೊಲ, ಮೆಟ್ರೋ ಮೂರಕ್ಕೆ ಒಪ್ಪಂದ ಆಯ್ತು. ರಾಕೆಟ್ ಬಿಟ್ಟಿದ್ದಕ್ಕೆ ನಮ್ಮ ಖಜಾಂಚಿ ಇವತ್ತಿಗೂ ನನ್ನ ಜತೆ ಸರಿಯಾಗಿ ಮಾತಾಡಲ್ಲ.

ಕೆಲಸ ಶುರುವಾಗೋ ಮುಂಚೆ ಒಂದು ಅಡಚಣೆ ಇತ್ತು. ಅಂಡರ್‌ಪಾಸಿನ ಬಾಯಲ್ಲಿ, ಗೋಡೆಗೆ ಒರಗಿಕೊಂಡು ಇಪ್ಪತ್ತು ವರ್ಷದಿಂದ ಒಬ್ಬ ಹೆಂಗಸು ಹೂವು ಮಾರ್ತಿದ್ದರು. ತಲಘಟ್ಟಪುರದಿಂದ ಬಸ್ಸಲ್ಲಿ ಬರೋರು. ನಾವೆಲ್ಲ ಅವರನ್ನ ಹೂವಿನಮ್ಮ ಅಂತಲೇ ಕರೆಯೋದು. ಬಸ್ ಇಳಿದು ಮನೆಗೆ ಹೋಗೋ ಹೆಂಗಸರೆಲ್ಲ ಅವರ ಬುಟ್ಟಿ ಮುಂದೆ ಹಾದೇ ಹೋಗಬೇಕು. ಆ ಜಾಗವೇ ಅವರ ಅನ್ನ. ನಾನು ಹೋಗಿ, "ಹದಿನೈದು ದಿನ ರಸ್ತೆ ಆ ಕಡೆ ಕೂತ್ಕೊಳ್ಳಿ ಅಮ್ಮ. ಚಿತ್ರ ಮುಗಿದ ದಿನವೇ ನಿಮ್ಮ ಜಾಗ ನಿಮಗೆ. ನಾನು ಮಾತು ಕೊಡ್ತೀನಿ," ಅಂದೆ.

"ನೀವ್ ಹೇಳಿದ್ಮೇಲೆ ಆಯ್ತು ಸಾರ್," ಅಂತ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು. ಕಾಗದ ಕೇಳಲಿಲ್ಲ, ಸಾಕ್ಷಿ ಕೇಳಲಿಲ್ಲ. ವಿಮಾ ಕಚೇರಿಯಲ್ಲಿ ಅಂಥವರನ್ನ ನಾನು ಒಬ್ಬರನ್ನೂ ನೋಡಿರಲಿಲ್ಲ.

ರಸ್ತೆ ಆ ಕಡೆ ಯಾರು ಹೋಗ್ತಾರೆ? ಮೊಳ ಮಲ್ಲಿಗೆಗೆ ಸಾರಕ್ಕಿ ಟ್ರಾಫಿಕ್ ದಾಟೋ ಧೈರ್ಯ ಯಾರಿಗೂ ಇಲ್ಲ. ಸಂಜೆ ನಾನು ಹಾದುಹೋಗುವಾಗ ಅವರ ಬುಟ್ಟಿ ಇನ್ನೂ ಅರ್ಧ ತುಂಬಿರ್ತಿತ್ತು. "ಇನ್ನೆಷ್ಟ್ ದಿನ ಸಾರ್?" ಅಂತ ಕೇಳೋರು. "ಆಗ್ತಾ ಬಂತಮ್ಮ," ಅಂತ ನಾನು ಕೆರೆಯಲ್ಲಿ ತೇಲೋ ಬಾತುಕೋಳಿ ತೋರಿಸ್ತಿದ್ದೆ.

ಹತ್ತನೇ ದಿನ ಹೋಗಿ ನೋಡಿದ್ರೆ ಗೋಡೆಯ ತುದಿಯಲ್ಲಿ, ಪಟ್ಟಿಯಲ್ಲೇ ಇಲ್ಲದ ಒಂದು ಆಕೃತಿ ಎದ್ದಿತ್ತು. ಸಾಕ್ಷಾತ್ ಹೂವಿನಮ್ಮ. ಹಲ್ಲಲ್ಲಿ ದಾರ ಕಚ್ಚಿಕೊಂಡು, ತಲೆ ಸ್ವಲ್ಪ ಓರೆ ಮಾಡಿ ಹೂವು ಕಟ್ಟುತ್ತಾ, ತಾವು ಕೂರ್ತಿದ್ದ ಜಾಗದಲ್ಲೇ. "ದಿನಾ ಎದುರಿಗೇ ಕೂತಿರ್ತಾರಲ್ಲ ಸಾರ್, ಕೈ ಬರೆದುಬಿಡ್ತು," ಅಂದರು ಪೇಂಟರ್. ಮೂರು ಆಳೆತ್ತರದ ಕೆರೆಗಿಂತ ಆ ಮುಖ ಚೆನ್ನಾಗಿತ್ತು. ಸಂಘದವರೆಲ್ಲ ಬಂದು ನೋಡಿ "ಸಖತ್!" ಅಂದರು. ಎಲ್ಲರೂ ಅದರ ಜತೆ ಸೆಲ್ಫಿ ತೆಗೆದುಕೊಂಡರು.

ಅದೇ ವಾರ ಸಭೆ. ನಮ್ಮ ಅಧ್ಯಕ್ಷರು ಸಾರಕ್ಕಿಯ ಹಳೇ ಮನೆತನದವರು. ಅವರ ತಂದೆ ರಾಗಿ ಬೆಳೀತಿದ್ದ ಹೊಲದಲ್ಲೇ ಈಗ ಅವರ ಮೂರು ಬಿಲ್ಡಿಂಗ್ ಇವೆ. "ಇಷ್ಟು ಚೆನ್ನಾಗಿ ಬರೆಸಿದ್ದೀವಿ. ಮುಂದೆ ಬುಟ್ಟಿ, ಕೊಡೆ ಅಂತ ಯಾರೂ ಕೂರಬಾರದು ಸಾರ್, ಚಿತ್ರ ಕಾಣಬೇಕು," ಅಂದರು. ಎಲ್ಲರೂ ತಲೆ ಆಡಿಸಿದರು. ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಕಾಫಿ ಬಂತು. ಬಾಯಿ ತೆಗೆದಿದ್ದಕ್ಕೆ ಕಾಫಿ ಕುಡಿದೆ. ಆಮೇಲೆ ನಡಾವಳಿ ಪುಸ್ತಕ ತೆಗೆದು, ದುಂಡಗಿನ ಅಕ್ಷರದಲ್ಲಿ, "ಚಿತ್ರದ ಮುಂಭಾಗದಲ್ಲಿ ಯಾವುದೇ ವ್ಯಾಪಾರಕ್ಕೆ ಅವಕಾಶ ನೀಡತಕ್ಕದ್ದಲ್ಲ" ಅಂತ ನಾನೇ ಬರೆದೆ. ಥೂ, ಅದಕ್ಕೆ ಸ್ಕೇಲಿಟ್ಟು ಅಡಿಗೆರೆ ಬೇರೆ ಎಳೆದೆ.

ಹೂವಿನಮ್ಮನಿಗೆ ಇದನ್ನ ಹೇಳೋ ಮುಖ ನನಗಿರಲಿಲ್ಲ. ಅದಕ್ಕೆ ದಾರಿಯನ್ನೇ ಬದಲಾಯಿಸಿದೆ. ಮಾರ್ಕೆಟ್ ಸುತ್ತು ಹಾಕಿಕೊಂಡು ಬಂದು, ಅಲ್ಲೇ ಯಾರದೋ ಹತ್ತಿರ ಹೂವು ಕೊಂಡು ಮನೆಗೆ ತರ್ತಿದ್ದೆ. ನನ್ನ ಹೆಂಡತಿ ಎರಡನೇ ದಿನವೇ ಹಿಡಿದಳು. "ಇದು ಹೂವಿನಮ್ಮ ಕಟ್ಟಿದ್ದಲ್ಲ. ಅವರು ಒತ್ತೊತ್ತಾಗಿ ಕಟ್ತಾರೆ. ಇದರಲ್ಲಿ ಹೂವಿಗಿಂತ ದಾರನೇ ಜಾಸ್ತಿ," ಅಂದಳು. ವಾಕಿಂಗ್ ಜಾಸ್ತಿ ಮಾಡೋಕೆ ಡಾಕ್ಟ್ರು ಹೇಳಿದ್ದಾರೆ ಅಂತ ಏನೋ ಒದರಿದೆ.

ಉದ್ಘಾಟನೆ ದಿನ ಬಂತು. ಮುಖ್ಯ ಅತಿಥಿಗೆ ದೊಡ್ಡ ಹಾರ ಬೇಕು. "ಹೂವಿನಮ್ಮನ ಹತ್ರನೇ ಕಟ್ಟಿಸಿ, ಪಾಪ ವ್ಯಾಪಾರ ಇಲ್ಲ," ಅಂತ ಹೆಂಡತಿ ಅಪ್ಪಣೆ ಮಾಡಿದ್ದಳು. ಬೆಳಗ್ಗೆ ತಲೆ ತಗ್ಗಿಸಿಕೊಂಡು ಹೋದೆ. ಸುಗಂಧರಾಜ, ಮಧ್ಯೆ ಮಧ್ಯೆ ಕೆಂಪು ಗುಲಾಬಿ, ಆಳೆತ್ತರದ ಹಾರ. ಕೈಗೆ ಕೊಡ್ತಾ ಕೇಳಿದರು, "ನಾಳೆಯಿಂದ ನನ್ ಜಾಗಕ್ಕೆ ಬರ್ಬೋದಾ ಸಾರ್?"

"ನೋಡೋಣಮ್ಮ," ಅಂದೆ. ಅವರು ನನ್ನ ಮುಖ ನೋಡಿ, ಮತ್ತೆ ದಾರ ಕೈಗೆತ್ತಿಕೊಂಡರು.

ಹತ್ತಕ್ಕೆ ಬರಬೇಕಿದ್ದ ಮುಖ್ಯ ಅತಿಥಿ ಹನ್ನೊಂದೂವರೆಗೆ ಫೋನ್ ಮಾಡಿ ಬರಲ್ಲ ಅಂದರು. ಅಧ್ಯಕ್ಷರೇ ಪರದೆ ಸರಿಸಿದರು, ಕಾಯಿ ಒಡೆದರು, ಎಲ್ಲರಿಗೂ ಕೇಸರಿಬಾತು ಹಂಚಿದ್ದಾಯ್ತು. ಹಾರ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಶುಭಕಾರ್ಯಕ್ಕೆ ತಂದ ಹಾರ ವಾಪಸ್ ಒಯ್ಯಬಾರದು ಅಂತಾರೆ. ಏನು ಮಾಡೋದು? ನಮ್ಮಲ್ಲಿ ಹೊಸ ಸ್ಕೂಟರಿಗೆ ಹಾರ ಹಾಕ್ತೀವಿ, ಬೋರ್‌ವೆಲ್ಲಿಗೆ ಹಾಕ್ತೀವಿ, ರುಬ್ಬೋ ಕಲ್ಲಿಗೂ ಹಾಕ್ತೀವಿ. ಗೋಡೆ ಏನು ಪಾಪ ಮಾಡಿತ್ತು? ಪರದೆ ಕಟ್ಟೋಕೆ ಹೊಡೆದ ಎರಡು ಮೊಳೆ ಗೋಡೆಯ ತುದಿಯಲ್ಲಿ ಕೈಗೆಟಕೋ ಹಾಗೆ ಕಂಡವು. ಕುರ್ಚಿ ಹತ್ತಿ ಹಾರ ತಗುಲಿಸಿದೆ. ಇಳಿದು ಹಿಂದೆ ಸರಿದು ಒಂದು ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ನನ್ನ ಕೆಲಸದ ಬಗ್ಗೆ ನನಗೇ ಹೆಮ್ಮೆ ಆಯ್ತು.

ಮೊದಲು ಬಂದಿದ್ದು ಮುಗಿದ ಕೈಯ ಇಮೋಜಿ. ಮೆಚ್ಚಿಕೊಂಡಿದ್ದಾರೆ ಅಂದುಕೊಂಡೆ. ಆಮೇಲೆ "ಓಂ ಶಾಂತಿ". ಆಮೇಲೆ ಇನ್ನೊಂದು ಓಂ ಶಾಂತಿ. "ಅಯ್ಯೋ ಪಾಪ, ಮೊನ್ನೆ ತಾನೇ ನೋಡಿದ್ದೆ." "ಒಳ್ಳೇ ಜೀವ." "ಏನಾಗಿತ್ತು ಅವರಿಗೆ?" ಅಷ್ಟರಲ್ಲಿ ಹೆಂಡತಿ ಫೋನು. "ಏನ್ರೀ, ಹೂವಿನಮ್ಮ ಹೋಗ್ಬಿಟ್ರಾ? ಬೆಳಗ್ಗೆ ಹಾರ ಕೊಟ್ರು ಅಂದ್ರಲ್ಲ!"

ತಲೆ ಎತ್ತಿ ನೋಡಿದೆ. ಹಾರ ಎರಡು ಮೊಳೆಯಿಂದ ಇಳಿಬಿದ್ದು, ಗೋಡೆಯ ಮೇಲಿನ ಹೂವಿನಮ್ಮನ ಮುಖವನ್ನ ಸರಿಯಾಗಿ ಸುತ್ತುವರಿದು, ಎದೆ ಮೇಲೆ ಬಂದು ನಿಂತಿತ್ತು. ಮನೆಮನೆಯ ಹಾಲಿನಲ್ಲಿ ತೀರಿಕೊಂಡವರ ಫೋಟೋಗೆ ಹಾಕಿರ್ತಾರಲ್ಲ, ಹಾಗೇ. ಸಾಲದ್ದಕ್ಕೆ ಪೂಜೆಗೆ ಹಚ್ಚಿದ ಊದುಬತ್ತಿ ಕೆಳಗೇ ಉರೀತಿತ್ತು.

ಹಿಂತಿರುಗಿದರೆ ಹೂವಿನಮ್ಮನೇ ಬುಟ್ಟಿ ಸೊಂಟಕ್ಕಿಟ್ಟುಕೊಂಡು ರಸ್ತೆ ದಾಟಿ ಬರ್ತಿದ್ದರು. ಕೈ ತೋರಿಸಿ ಬಸ್ಸು ನಿಲ್ಲಿಸಿ ಬಂದರು. ಗೋಡೆ ಮುಂದೆ ನಿಂತು ತಮ್ಮ ಮುಖ ನೋಡಿದರು, ಹಾರ ನೋಡಿದರು, ಊದುಬತ್ತಿ ನೋಡಿದರು.

"ಈ ಹಾರ ಬೆಳಗ್ಗೆ ನಾನೇ ಕಟ್ಟಿದ್ದು," ಅಂದರು. ಅಷ್ಟೇ. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು.

ಅಧ್ಯಕ್ಷರ ಮುಖ ಬಿಳಿಚಿಕೊಂಡಿತ್ತು. ಅವರು ಕೋರ್ಟಿಗೆ ಹೆದರಲ್ಲ, ಪೊಲೀಸಿಗೆ ಹೆದರಲ್ಲ, ಅಪಶಕುನಕ್ಕೆ ಮಾತ್ರ ಹೆದರ್ತಾರೆ. "ಏನ್ ಅನರ್ಥ ಮಾಡಿಬಿಟ್ರಿ ಸಾರ್! ಬದುಕಿರೋ ಮುತ್ತೈದೆಗೆ!" ಅಂತ ನನ್ನ ಮೇಲೆ ಹರಿಹಾಯ್ದು ತಾವೇ ಕುರ್ಚಿ ಹತ್ತಿ ಹಾರ ಕಿತ್ತರು. ಊದುಬತ್ತಿ ಆರಿಸಿದರು. ಇನ್ನೊಂದು ತೆಂಗಿನಕಾಯಿ ತಂದು ಹೂವಿನಮ್ಮನ ಮುಂದೆ ನಿವಾಳಿಸಿ ರಸ್ತೆಯಲ್ಲಿ ಒಡೆದರು. ಆಮೇಲೆ ಅದೇ ಕುರ್ಚಿ ಗೋಡೆಗೆ ಆನಿಸಿ ಹಾಕಿ, "ಕೂತ್ಕೊಳಮ್ಮ. ನಿನ್ ಜಾಗದಲ್ಲಿ ಕೂತ್ಕೊ. ಇವತ್ತಿಂದ ದಿನಾ ಇಲ್ಲೇ ಕೂರಬೇಕು, ಜನ ನಿನ್ನ ಕಣ್ಣಾರೆ ನೋಡಬೇಕು," ಅಂದರು.

ಹೂವಿನಮ್ಮ ಕುರ್ಚಿ ಪಕ್ಕಕ್ಕೆ ಸರಿಸಿ, ಎಂದಿನಂತೆ ನೆಲದ ಮೇಲೆ ಕೂತರು. ಅರ್ಧ ಗಂಟೆಯಲ್ಲಿ ಬುಟ್ಟಿ ಖಾಲಿ. ಅವರು ಸತ್ತಿಲ್ಲ ಅಂತ ನೋಡೋಕೆ ಬಂದವರು ಬರಿಗೈಲಿ ಹೋಗೋಕೆ ನಾಚಿಕೊಂಡು ಮೊಳ ಮೊಳ ಕೊಂಡರು. ನಿರ್ಣಯ ರದ್ದಾಯ್ತು. ಅದನ್ನೂ ನಾನೇ ದುಂಡಗೆ ಬರೆದೆ.

ಮಾರನೇ ದಿನ ಕ್ಷಮೆ ಕೇಳೋಕೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವರು ನನ್ನ ಕಂಡು ಬೆರಳ ತುದಿಯಿಂದ ಮೊಳಕೈವರೆಗೆ ಮಲ್ಲಿಗೆ ಅಳೆದರು, ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟರು, ಯಾವಾಗಿನ ಹಾಗೆ.

"ಹಾರದ್ದು ಬಿಡಿ ಸಾರ್, ಬೇಕೂಂತ ಮಾಡಿದ್ದಲ್ಲ," ಅಂದರು ನಾನು ಬಾಯಿ ತೆಗೆಯೋ ಮುಂಚೆಯೇ. ದಾರ ಹಲ್ಲಲ್ಲಿ ಕಡಿದರು. "ಆವತ್ತು ಮೀಟಿಂಗಲ್ಲಿ ನೀವೂ ಇದ್ರಂತೆ?"

"ಇದ್ದೆ ಅಮ್ಮ."

"ಒಂದ್ ಮಾತು ಹೇಳ್ಬೋದಿತ್ತಲ್ಲ ಸಾರ್."

ಕೋಪ ಇರಲಿಲ್ಲ ಆ ದನಿಯಲ್ಲಿ. ಎಲೆಯಲ್ಲಿ ಹೂವು ಸುತ್ತಿ ಕೊಟ್ಟು ಪಕ್ಕದವರಿಗೆ ಅಳೆಯೋಕೆ ತಿರುಗಿದರು.

ಮನೆಗೆ ಬಂದೆ. ಹೆಂಡತಿ ಪೊಟ್ಟಣ ಬಿಚ್ಚಿ, "ಇದು ನೋಡಿ ಅವರ ಕೈ," ಅಂತ ಖುಷಿಯಾಗಿ ಮುಡಿದುಕೊಂಡಳು. ಆಮೇಲೆ ನನ್ನ ಕಡೆ ನೋಡಿ, "ಎಲ್ಲ ಸರಿಹೋಯ್ತಲ್ಲ, ಇನ್ಯಾಕೆ ಮುಖ ಹಾಗಿದೆ? ಏನಂದ್ರು ಅವರು?" ಅಂತ ಕೇಳಿದಳು.

"ಏನಿಲ್ಲ ಕಣೆ," ಅಂದೆ. "ಬಿಸಿಲು."